ಹಳೆಯ ಕಾಂಟೆಸ್ಸಾ ಮತ್ತು ಬೋರಿನ ನೀರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆಯ ಕಾರು ಕೊಂಡು ನೋಡು ಎಂಬ ಮೂರನೆಯ ಮಾತನ್ನು ಸೇರಿಸುವ ಪ್ರಸಂಗ ಅವರಿಗೆ ಬಂದಿರಲಾರದು. ನನಗೆ ಬಂದಿತು. ಗಂಗಾವತಿಯ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ, ತಾಡಪತ್ರಿಯ ಅಡಿಯಲ್ಲಿ ಅನೇಕ ವರ್ಷ ನಿದ್ರಿಸಿದ್ದ ಕಾಂಟೆಸ್ಸಾ ಕಾರೊಂದನ್ನು ಕೊಂಡೆನು.

ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ 2002ರವರೆಗೆ ತಯಾರಿಸಿದ ಕಾರು ಇದು. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ಹಳೆಯ ಮಾದರಿಯೇ ಇದರ ಮೂಲ. ಮೊದಮೊದಲು ಇದಕ್ಕೆ ಅಂಬಾಸಿಡರಿನ ಒಂದೂವರೆ ಲೀಟರಿನ ಎಂಜಿನ್ನನ್ನೇ ಕೂಡಿಸಿದ್ದರು. ಆನೆಯ ಮೈಗೆ ಆಡಿನ ಎದೆ! ಮುಂದೆ ಜಪಾನಿನ ಇಸುಜು ಎಂಜಿನ್ ಬಂದ ಮೇಲೆ ಗಾಡಿಗೆ ಅದರ ಗಾತ್ರಕ್ಕೊಪ್ಪುವ ನಡಿಗೆ ಬಂದಿತು. ನನ್ನದು ಈ ಎರಡನೆಯ ಜಾತಿಯದು.

ಮೊದಲ ಪಯಣಕ್ಕೆ ತಾಯಿಯವರನ್ನು ಕೂಡಿಸಿಕೊಂಡು ಕನಕಗಿರಿ, ತಾವರಗೇರಾ ಮಾರ್ಗವಾಗಿ ಕುಷ್ಟಗಿಗೆ ಹೊರಟೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ತಾವರಗೇರಾ ದಾಟುವಷ್ಟರಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಟವೆಲ್ಲು ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಮೇಲಿಟ್ಟಿದ್ದೆ. ಟ್ರ್ಯಾಕ್ಟರಿನವನೊಬ್ಬ ಓಡಿಬಂದು ಕೈ ಹಿಡಿದನು: “ತಡೀರಿ ಯಜಮಾನ್ರ, ಮಾರಿ ಸುಟ್ಟೀತು!”

ಅವನು ತಡೆದದ್ದು ಒಂದು ಭೌತಶಾಸ್ತ್ರದ ಪ್ರಯೋಗವನ್ನು. ಸಾಮಾನ್ಯವಾಗಿ 100 ಡಿಗ್ರಿಯಲ್ಲಿ ಕುದಿಯುವ ನೀರು, ಅದರ ಮೇಲೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಹೇರಿದರೆ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗು ಇರುವುದು ಈ ಒತ್ತಡವನ್ನು ಕಾಯುವುದಕ್ಕಾಗಿ. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡ ಇಳಿದು, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಮನೆಗೆ ಮರಳಿ ನೀರು ಬಸಿದಾಗ ಕಾರಣ ಕಂಡಿತು. ಹೊರಬಂದುದು ನೀರಲ್ಲ, ಸುಣ್ಣ ಬೆರೆತ ತುಕ್ಕಿನ ಅಂಬಲಿ. ಕುಷ್ಟಗಿ, ಯಲಬುರ್ಗಾ ಸೀಮೆಯ ಬೋರಿನ ನೀರಿನ ಫ್ಲೋರೈಡಿನ ಕಾಟ ಬಲ್ಲವರು ಅದರ ಗಡಸುತನವನ್ನೂ ಬಲ್ಲರು. ಸ್ನಾನದ ಹಂಡೆಯ ಒಳಮೈಗೆ ಅಂಟುವ ಬಿಳಿಯ ಪದರೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ತಿಳಿನೀರು ಬರುವವರೆಗೆ ತೊಳೆಯುವುದು ನನ್ನಿಂದಾಯಿತು. ಕೊಳವೆಗಳಲ್ಲಿ ಕಲ್ಲಾಗಿದ್ದುದನ್ನು ಮಾತ್ರ ರೇಡಿಯೇಟರ್ ಕೆಲಸದವನು ಅದರ ತೊಟ್ಟಿ ಬಿಚ್ಚಿ, ಕಡ್ಡಿ ಹಾಕಿ ತೆಗೆದನು. ರಬ್ಬರಿನ ಹೋಸುಗಳು ನೋಡುವುದಕ್ಕೆ ಗಟ್ಟಿಯಾಗಿದ್ದವು, ಹಿಂಡಿದರೆ ಬಿರುಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾದುದನ್ನು ಕಂಡ ನಮ್ಮವರಿಗೆ ಹಳೆಯ ಕೊಂಡಿಗಳ ವಿಷಯ ವಿವರಿಸಬೇಕಾಗಿಲ್ಲ. ಅವನ್ನೆಲ್ಲ ಬದಲಿಸಿ, ಭಟ್ಟಿ ಇಳಿಸಿದ ನೀರಿಗೆ ಅರ್ಧದಷ್ಟು ಕೂಲೆಂಟ್ ಬೆರೆಸಿ ತುಂಬಿದೆ.

ಥರ್ಮೋಸ್ಟಾಟ್ ಎಂಬ ಪುಟ್ಟ ದ್ವಾರಪಾಲಕನನ್ನು ಬಿಸಿಲುನಾಡಿನಲ್ಲಿ ಕಿತ್ತೆಸೆಯಿರಿ ಎಂದು ಹಲವರು ಬುದ್ಧಿ ಹೇಳಿದರು. ನಾನು ಒಪ್ಪಲಿಲ್ಲ. ತಕ್ಕ ಬಿಸಿಗೆ ಬಾರದ ಎಂಜಿನ್ನು ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ. ಅದರೊಳಗಿನ ಮೇಣ ಬಿಸಿಗೆ ಹಿಗ್ಗಿ, ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ನಡುವೆ ಬಾಗಿಲು ತೆರೆಯಬೇಕು. ಪರೀಕ್ಷೆ ಸುಲಭ: ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ ನೋಡುವುದು. ನನ್ನದು ಕುದಿಯುವ ನೀರಿನಲ್ಲೂ ಅರ್ಧವೇ ತೆರೆದುದರಿಂದ ಹೊಸದನ್ನು ಹಾಕಿದೆ. “ಆ ಬೋಗುಣಿ ಇನ್ನ ಒಲಿ ಮ್ಯಾಲೆ ಏರೂದಿಲ್ಲ” ಎಂದು ತಾಯಿಯವರು ತೀರ್ಪಿತ್ತರು.

ಇನ್ನು ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ. ತೇವ ಹೀರಿದ ಮೇಲಿನ ಮಿತಿ 140. ಕುದಿದರೆ ಗುಳ್ಳೆಗಳೆದ್ದು ಪೆಡಲು ಪೊಳ್ಳಾಗುತ್ತದೆ. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ. ಆದಕಾರಣ ಇಲ್ಲಿ ನಾನು ಸ್ಪ್ಯಾನರು ಕೆಳಗಿಟ್ಟು, ಬಲ್ಲ ಮೇಸ್ತ್ರಿಯನ್ನು ಕರೆಸಿದೆ. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಬಾರದೆಂದು ಕಬ್ಬಿಣದ ಸ್ಟ್ಯಾಂಡುಗಳನ್ನು ಆತನೇ ತಂದನು.

ಚಕ್ರದ ಸಿಲಿಂಡರಿನ ರಬ್ಬರುಗಳು ನಮ್ಮೂರಲ್ಲಿ ಸಿಕ್ಕಲಿಲ್ಲ. ಬೆಂಗಳೂರಿನಿಂದ ಬರುವವರೆಗೆ ಮೂರು ವಾರ ಕಾರು ಸ್ಟ್ಯಾಂಡಿನ ಮೇಲೆಯೇ ಇತ್ತು. ಮೇ ತಿಂಗಳಲ್ಲಿ ಮತ್ತೆ ಅದೇ ಹಾದಿಯಲ್ಲಿ ಹೊರಟೆವು. ತಾವರಗೇರಾ ಬಂತು, ಹೋಯಿತು. ಮುಳ್ಳು ನಡುಗೆರೆಯನ್ನು ಬಿಟ್ಟು ಕದಲಲಿಲ್ಲ. ತಾಯಿಯವರು ಮಾತ್ರ ಮಡಿಲಲ್ಲಿ ಎರಡು ಬಾಟಲಿ ನೀರು ಹಿಡಿದೇ ಕುಳಿತಿದ್ದರು.