ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ನೌಕರಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್ಲೂ ನಗರದಲ್ಲಿ ಎರಡು ವಿಶ್ವವಿದ್ಯಾಲಯಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ವಾಟರ್ಲೂ ವಿಶ್ವವಿದ್ಯಾಲಯದ ಅಕೌಂಟಿಂಗ್ ಮತ್ತು ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಪದವಿಗೆ ಸೇರಿದವರಿಗೆ ಕೋ-ಆಪ್ ಕಡ್ಡಾಯ. ವಿಲ್ಫ್ರಿಡ್ ಲಾರಿಯರ್ ವಿಶ್ವವಿದ್ಯಾಲಯದ ಬಿಬಿಎಯಲ್ಲಿ ಅದು ಐಚ್ಛಿಕ. ಬೇಕೋ ಬೇಡವೋ ಎಂಬ ತಾಕಲಾಟ ಶುರುವಾಗುವುದು ಈ ಎರಡನೆಯ ಬಗೆಯ ಕೋರ್ಸುಗಳಲ್ಲಿ.

ಕೋ-ಆಪ್ ಎಂದರೆ ಪದವಿಯ ನಡುನಡುವೆ ಮಾಡುವ ಪೂರ್ಣಾವಧಿಯ, ಸಂಬಳದ ಕೆಲಸ. ಸಾಮಾನ್ಯವಾಗಿ ನಾಲ್ಕು ತಿಂಗಳು ತರಗತಿ, ನಾಲ್ಕು ತಿಂಗಳು ಕಚೇರಿ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದರು. ವಾಟರ್ಲೂ ವಿಶ್ವವಿದ್ಯಾಲಯವಂತೂ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯೊಂದಿಗೆ. ವಾಣಿಜ್ಯದ ಓದಿಗೆ ಅದು ಬಂದದ್ದು ಆಮೇಲೆ.

ಸಿಎ ಆರ್ಟಿಕಲ್‌ಶಿಪ್ ಕಂಡ ಕನ್ನಡದ ಮನೆಗಳಿಗೆ ಇದು ತೀರಾ ಹೊಸದಲ್ಲ. ಆದರೆ ಆರ್ಟಿಕಲ್‌ಶಿಪ್ ಈಗಿನ ನಿಯಮದಂತೆ ಎರಡು ವರ್ಷ ಒಂದೇ ಸಮನೆ ನಡೆಯುತ್ತದೆ. ಕೋ-ಆಪ್‌ನಲ್ಲಿ ಒಂದು ಸಲ ಬ್ಯಾಂಕು, ಇನ್ನೊಂದು ಸಲ ಚಿಲ್ಲರೆ ಮಾರಾಟದ ಕಂಪನಿ, ಮತ್ತೊಂದು ಸಲ ಸರ್ಕಾರಿ ಇಲಾಖೆ ಎಂದು ಜಾಗ ಬದಲಿಸಬಹುದು. ಬಿಸಿನೆಸ್ ವಿದ್ಯಾರ್ಥಿಗೆ ಇದೇ ದೊಡ್ಡ ಲಾಭ. ಹದಿನೆಂಟರ ವಯಸ್ಸಿನಲ್ಲಿ ‘ಫೈನಾನ್ಸ್ ಮಾಡುತ್ತೇನೆ’ ಎನ್ನುವವರಲ್ಲಿ ಬಹುಪಾಲು ಜನ ಫೈನಾನ್ಸ್ ವಿಭಾಗದ ಒಂದು ದಿನ ಹೇಗಿರುತ್ತದೆಂದು ಕಂಡಿರುವುದಿಲ್ಲ.

ಜನವರಿಯಲ್ಲಿ ಆಡಿಟ್ ಸಂಸ್ಥೆಗೆ ಸೇರುವ ವಿದ್ಯಾರ್ಥಿಯನ್ನೇ ನೋಡಿ. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸಿದ ಕಂಪನಿಗಳ ಕಡತಗಳು ಕಾದು ಕೂತಿರುತ್ತವೆ. ಗೋದಾಮಿಗೆ ಹೋಗಿ ಪೆಟ್ಟಿಗೆ ಎಣಿಸಬೇಕು. ಇನ್‌ವಾಯ್ಸ್‌ನ ಮೊತ್ತ ಲೆಡ್ಜರ್‌ಗೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆಯಾಗುತ್ತದೆಯೇ ಎಂದು ಒಂದೊಂದಾಗಿ ನೋಡಬೇಕು. ತೆರಿಗೆ ವಿಭಾಗದಲ್ಲಿದ್ದರೆ ವೈಯಕ್ತಿಕ ರಿಟರ್ನ್ಸ್‌ನ ಕೊನೆಯ ದಿನವಾದ ಏಪ್ರಿಲ್ 30ರವರೆಗೆ ಉಸಿರಾಡಲೂ ಬಿಡುವಿರುವುದಿಲ್ಲ. ಈ ಕೆಲಸ ತನಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಎರಡನೇ ವರ್ಷದಲ್ಲೇ ತಿಳಿದರೆ ಐಚ್ಛಿಕ ವಿಷಯಗಳನ್ನು ಬದಲಿಸಿಕೊಳ್ಳಲು ಕಾಲಾವಕಾಶವಿರುತ್ತದೆ. ಪದವಿ ಮುಗಿದ ಮೇಲೆ ತಿಳಿದರೆ ಅದೇ ಪಾಠ ದುಬಾರಿ.

ಖರ್ಚಿನ ಬಾಬತ್ತೂ ಸಣ್ಣದಲ್ಲ. ನಾಲ್ಕು ವರ್ಷದ ಪದವಿ ಐದು ವರ್ಷದ ಹತ್ತಿರ ಹೋಗಬಹುದು. ಟ್ಯೂಷನ್ ಶುಲ್ಕದ ಜೊತೆಗೆ ಕೋ-ಆಪ್ ಶುಲ್ಕವೂ ಸೇರುತ್ತದೆ. ಕೆಲಸ ನೂರು ಕಿಲೋಮೀಟರಿಗೂ ದೂರದ ಟೊರಾಂಟೊದಲ್ಲಿ ಸಿಕ್ಕರೆ ವಾಟರ್ಲೂವಿನ ಕೋಣೆಯನ್ನು ಸಬ್‌ಲೆಟ್ ಕೊಟ್ಟು, ಅಲ್ಲಿ ನಾಲ್ಕು ತಿಂಗಳಿಗೆ ಮಾತ್ರ ಬಾಡಿಗೆಗೆ ಸಿಗುವ ಜಾಗ ಹುಡುಕಬೇಕು. ಇವೆಲ್ಲಕ್ಕಿಂತ ಹೆಚ್ಚು ಹೈರಾಣಾಗಿಸುವುದು ಸಂದರ್ಶನಗಳು. ಮುಂದಿನ ಅವಧಿಯ ಕೆಲಸವನ್ನು ಈ ಅವಧಿಯ ತರಗತಿಗಳ ನಡುವೆಯೇ ಹುಡುಕಬೇಕಾದ್ದರಿಂದ ಮಿಡ್‌ಟರ್ಮ್ ಪರೀಕ್ಷೆಯ ವಾರದಲ್ಲೇ ಸಂದರ್ಶನದ ಕರೆಯೂ ಬರುತ್ತದೆ. ವಿಶ್ವವಿದ್ಯಾಲಯ ಹುದ್ದೆಗಳನ್ನು ಪೋರ್ಟಲ್‌ನಲ್ಲಿ ತೋರಿಸುತ್ತದೆ, ರೆಸ್ಯೂಮೆ ತಿದ್ದಿಕೊಡುತ್ತದೆ. ಆದರೆ ಕೆಲಸ ಗಿಟ್ಟಿಸಿಕೊಳ್ಳಬೇಕಾದವರು ವಿದ್ಯಾರ್ಥಿಗಳೇ. ಮಾರುಕಟ್ಟೆ ಬಿಗಿಯಾದ ವರ್ಷ, ಅದರಲ್ಲೂ ಮೊದಲ ಸಲ ಅರ್ಜಿ ಹಾಕುವವರಿಗೆ, ಇದು ನಿಜವಾದ ಪರೀಕ್ಷೆ.

ಕರ್ನಾಟಕದಿಂದ ಹೋಗುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ, ಕೋ-ಆಪ್ ಕೂಡ, ಕಾಯಂ ವಾಸದ (ಪಿಆರ್) ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’ ಅರ್ಹತೆಗೆ ಲೆಕ್ಕಕ್ಕೆ ಬರುವುದಿಲ್ಲ. ಪಿಆರ್ ಆಸೆಯೊಂದರಿಂದಲೇ ಕೋ-ಆಪ್ ಆರಿಸಿಕೊಂಡವರಿಗೆ ಇದು ತಡವಾಗಿ ತಿಳಿಯಬಾರದು.

ಹಾಗಾದರೆ ಯಾರಿಗೆ ಸೂಕ್ತ? ಯಾವ ವಿಭಾಗ ತನಗೆ ಹೊಂದುತ್ತದೆಂದು ಇನ್ನೂ ಗೊತ್ತಿಲ್ಲದ, ಆ ದೇಶದಲ್ಲಿ ಪರಿಚಯದವರಿಲ್ಲದ ವಿದ್ಯಾರ್ಥಿಗೆ ಒಂದು ವರ್ಷ ಹೆಚ್ಚು ಹಿಡಿದರೂ ಕೋ-ಆಪ್ ಸಾರ್ಥಕ. ಬೇಗ ಪದವಿ ಮುಗಿಸಿ ನೇರವಾಗಿ ಉನ್ನತ ವ್ಯಾಸಂಗಕ್ಕೆ ಹೋಗುವವರು, ಮನೆಯ ವ್ಯವಹಾರಕ್ಕೇ ಮರಳುವವರು ಹಿಂದೆ ಸರಿದರೆ ಅದು ಸೋಲಲ್ಲ. ಬೇಸಿಗೆ ರಜೆಯ ಇಂಟರ್ನ್‌ಶಿಪ್ ಅವರಿಗೆ ಸಾಕು. ಐಚ್ಛಿಕ ಕೋ-ಆಪ್‌ಗೆ ಎಷ್ಟೋ ಕಡೆ ಮೊದಲ ಅಥವಾ ಎರಡನೇ ವರ್ಷದಲ್ಲೇ ಅರ್ಜಿ ಹಾಕಬೇಕು, ಅಂಕಗಳನ್ನೂ ನೋಡುತ್ತಾರೆ. ಸೀಟು ಒಪ್ಪಿಕೊಳ್ಳುವ ಮುನ್ನವೇ ಅಲ್ಲಿನ ಕೋ-ಆಪ್ ಕಚೇರಿಗೆ ಬರೆದು ಅರ್ಜಿಯ ಕೊನೆಯ ದಿನಾಂಕವನ್ನೂ ಒಟ್ಟು ಶುಲ್ಕವನ್ನೂ ಕೇಳಿ ತಿಳಿದುಕೊಳ್ಳಿ.