ದಾರಿ ತಪ್ಪಿದ ಮಿಡಿತ

ಎದೆ ಝಲ್ಲೆಂದಿತು, ಎದೆ ಡವಗುಟ್ಟಿತು ಎಂದರೆ ನಮ್ಮ ನುಡಿಯಲ್ಲಿ ಭಯವೆಂದೋ ಕಾತರವೆಂದೋ ಅರ್ಥ. ಸುಂದರವಾದ ಈ ನುಡಿಗಟ್ಟುಗಳೇ ಕೆಲವು ಎಳೆಯರಿಗೆ ತೊಡಕಾಗುವುದುಂಟು. ಸುಮ್ಮನೆ ಕುಳಿತ ಹುಡುಗಿ ಎದೆ ಓಡುತ್ತಿದೆಯೆಂದರೆ, ಪರೀಕ್ಷೆಯ ಹೆದರಿಕೆಯೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೆದರಿಕೆಯ ಮಿಡಿತ ಸಾಮಾನ್ಯವಾಗಿ ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ. ಥಟ್ಟನೆ ತೊಡಗಿ, ನಿಮಿಷಕ್ಕೆ 200ರ ಆಸುಪಾಸಿನಲ್ಲಿ ಓಡಿ, ಥಟ್ಟನೆ ನಿಲ್ಲುವ ಮಿಡಿತದ ಕಾರಣವನ್ನು ಬೇರೆಡೆ ಹುಡುಕಬೇಕು.

ಹೃದಯದ ವಿದ್ಯುತ್ ಸಂಕೇತ ಬಲ ಮೇಲ್ಕೋಣೆಯಲ್ಲಿ ಹುಟ್ಟುತ್ತದೆ. ಕೆಳಕೋಣೆಗಳಿಗೆ ಇಳಿಯಲು ಅದಕ್ಕೆ ಇರುವುದು ಒಂದೇ ಬಾಗಿಲು. ಕೆಲವರಲ್ಲಿ ಹುಟ್ಟಿನಿಂದಲೇ ಸ್ನಾಯುವಿನ ಎಳೆಯೊಂದು ಉಳಿದು ಎರಡನೆಯ ದಾರಿಯಾಗುತ್ತದೆ. ಆಗ ಸಂಕೇತ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿ, ಗಾಣದೆತ್ತಿನಂತೆ ಸುತ್ತತೊಡಗುತ್ತದೆ.

ಬಾಸ್ಟನ್ನಿನ ವುಲ್ಫ್ ಮತ್ತು ವೈಟ್, ಲಂಡನ್ನಿನ ಪಾರ್ಕಿನ್‌ಸನ್ 1930ರಲ್ಲಿ ಇಂಥ 11 ಮಂದಿಯನ್ನು ವರ್ಣಿಸಿದರು. ಆ ಸ್ಥಿತಿಗೆ ಮೂವರ ಹೆಸರೂ ಅಂಟಿಕೊಂಡಿದೆ. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯ ಸೀಲಿ ಒಬ್ಬ ಮೀನುಗಾರನ ಎದೆ ತೆರೆದು ಆ ಎಳೆಯನ್ನು ಕತ್ತರಿಸಿದರು. 1991ರಲ್ಲಿ ಓಕ್ಲಹೋಮದ ಜಾಕ್‌ಮನ್ ಮತ್ತು ಸಂಗಡಿಗರು ಎದೆಯನ್ನು ತೆರೆಯದೆಯೇ, 166 ರೋಗಿಗಳಲ್ಲಿ ನೂರಕ್ಕೆ 99ರಷ್ಟು ಯಶಸ್ಸು ಕಂಡುದನ್ನು ಪ್ರಕಟಿಸಿದರು.

ಅದೇ ಇಂದಿನ ಕ್ಯಾಥೆಟರ್ ಚಿಕಿತ್ಸೆ. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ಕೊಳವೆಗಳನ್ನು ಹೃದಯಕ್ಕೆ ಸಾಗಿಸುತ್ತಾರೆ. ಅವುಗಳ ತುದಿಯ ಲೋಹ ಸಂಕೇತದ ಹಾದಿಯನ್ನು ಗುರುತಿಸುತ್ತದೆ. ವೈದ್ಯರು ಓಟವನ್ನು ತಾವೇ ಕೆರಳಿಸಿ, ಅಡ್ಡದಾರಿಯನ್ನು ಪತ್ತೆಹಚ್ಚಿ, ಕೆಲವೇ ಮಿಲಿಮೀಟರ್ ಜಾಗವನ್ನು 50 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಅದನ್ನು ಮುಚ್ಚುತ್ತಾರೆ. ಅಲ್ಲಿ ಉಳಿಯುವ ಗಾಯದ ಕಲೆ ವಿದ್ಯುತ್ತನ್ನು ಸಾಗಗೊಡದು.

ಹಾಗಾದರೆ ಎಲ್ಲರಿಗೂ ಮಾಡಿಬಿಡಬಹುದಲ್ಲ, ಎಂದು ನೀವು ಕೇಳಬಹುದು. ವಿವೇಕ ಬೇಕಾದುದು ಇಲ್ಲಿಯೇ. ಅಡ್ಡದಾರಿ ಸಹಜವಾದ ಬಾಗಿಲಿನ ಪಕ್ಕದಲ್ಲಿದ್ದರೆ, ಬಾಗಿಲೇ ಸುಟ್ಟುಹೋಗುವ ಸಣ್ಣ ಅಪಾಯವಿದೆ. ಆಗ ಬಾಳಿನುದ್ದಕ್ಕೂ ಪೇಸ್‌ಮೇಕರ್ ಬೇಕಾದೀತು. ಎಪ್ಪತ್ತರ ಮುದುಕನಿಗೂ ಹದಿನಾಲ್ಕರ ಬಾಲಕಿಗೂ 'ಬಾಳಿನುದ್ದ' ಒಂದೇ ಅಳತೆಯದಲ್ಲ. ಆದ್ದರಿಂದ ಅಂಥಲ್ಲಿ ಶೀತದ ಕ್ಯಾಥೆಟರನ್ನು ಬಳಸುವುದುಂಟು: ಮೊದಲು ಮಿತವಾಗಿ ತಣಿಸಿ ನೋಡಿ, ಬಾಗಿಲು ಮಂಕಾದರೆ ನಿಲ್ಲಿಸಿಬಿಡಬಹುದು. ಶಿಶುಗಳಲ್ಲಿ ಓಟ ಮೊದಲ ವರ್ಷದಲ್ಲೇ ತಾನಾಗಿ ಶಮನವಾಗುವುದು ಅಪರೂಪವಲ್ಲ. ಪುಟ್ಟ ಮಕ್ಕಳಿಗೆ ಸಾಧ್ಯವಿದ್ದಲ್ಲಿ ಔಷಧಿಯಿಂದಲೇ ಕಾಲ ಕಳೆಯುತ್ತಾರೆ. ಆದರೆ ಕಾಯುವುದೂ ಯಾವಾಗಲೂ ನಿರಪಾಯವಲ್ಲ. ಕೆಲವು ಅಡ್ಡದಾರಿಗಳು ಅತಿವೇಗದ ಸಂಕೇತಗಳನ್ನು ಕೆಳಕ್ಕೆ ಬಿಟ್ಟು, ವಿರಳವಾಗಿಯಾದರೂ, ಪ್ರಾಣಕ್ಕೇ ಎರವಾಗುತ್ತವೆ.

ಈ ತೂಗುವಿಕೆ ತಜ್ಞರ ಕೆಲಸ. ಮನೆಯವರ ಕೆಲಸ ಸರಳ: ಎದೆ ಓಡುವಾಗ ನಾಡಿಯನ್ನು ಎಣಿಸಿ ಬರೆದಿಡುವುದು; ಸಾಧ್ಯವಾದರೆ ಆಗಲೇ ಇ.ಸಿ.ಜಿ. ತೆಗೆಸುವುದು, ಮಗು ಮೂರ್ಛೆ ಹೋದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ಓಟ ನಿಂತ ಮೇಲೆ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇರಬಹುದು, ಅದರಿಂದ ಮಗು ಹೇಳಿದ್ದು ಸುಳ್ಳಾಗದು. ಚಿಕಿತ್ಸೆಯ ಮೊದಲ ಮೆಟ್ಟಿಲು ಆ ಮಾತನ್ನು ನಂಬುವುದೇ ಎಂದು ನಾನು ತಿಳಿದಿದ್ದೇನೆ.