ವಾರ್ಡನ್ ಹಾಕಿದ ಸಹಿ

2009ರ ಜುಲೈನಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯೊಂದು ಶುರುವಾಯಿತು. ಅದರ ಬೆನ್ನಿಗೇ ಗುಜರಾತಿನ ವಡೋದರಾ ಜಿಲ್ಲೆಯಲ್ಲೂ ಆರಂಭವಾಯಿತು. ಅಮೆರಿಕದ 'ಪಾತ್' ಸಂಸ್ಥೆ, ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಎರಡೂ ರಾಜ್ಯ ಸರ್ಕಾರಗಳು ಇದರಲ್ಲಿ ಕೈಜೋಡಿಸಿದ್ದವು. ಹಣ ಗೇಟ್ಸ್ ಪ್ರತಿಷ್ಠಾನದ್ದು. ಉದ್ದೇಶದಲ್ಲಿ ಹುಳುಕು ಹುಡುಕುವಂತಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಭಾರತದಲ್ಲಿ ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಹೆಂಗಸರು ಬಲಿಯಾಗುತ್ತಾರೆ. ಅದಕ್ಕೆ ಕಾರಣವಾದ ವೈರಸ್ಸನ್ನು ತಡೆಯುವ ಲಸಿಕೆ ಇದು.

2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ತನಿಖೆಯಲ್ಲಿ ಹೊರಬಿದ್ದ ಕಾರಣಗಳೇ ಬೇರೆ: ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಕೀಟನಾಶಕ ಕುಡಿದು ಸತ್ತವರೂ ಇದ್ದರು. ಸಾವುಗಳಿಗೂ ಲಸಿಕೆಗೂ ಸಂಬಂಧವಿದ್ದಂತೆ ಕಾಣುವುದಿಲ್ಲ ಎಂದಿತು ತನಿಖಾ ಸಮಿತಿ. ಲಸಿಕೆ ಕೊಂದಿತು ಎಂದು ಇಂದಿಗೂ ವಾಟ್ಸಾಪಿನಲ್ಲಿ ಹರಡುವವರು ಈ ಸಾಲನ್ನು ಓದುವುದೇ ಇಲ್ಲ.

ಆದರೆ ಅದೇ ತನಿಖೆ ಒಪ್ಪಿಗೆ ಪತ್ರಗಳ ಕಟ್ಟನ್ನೂ ಬಿಚ್ಚಿಸಿತು. ನಿಜವಾದ ಕಥೆ ಇದ್ದದ್ದು ಅಲ್ಲಿ. 2013ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿ ಸಲ್ಲಿಸಿದ ವರದಿಯ ಪ್ರಕಾರ, ಆಂಧ್ರದ 9,543 ಪತ್ರಗಳಲ್ಲಿ 1,948ರಲ್ಲಿ ಇದ್ದದ್ದು ಬರೀ ಹೆಬ್ಬೆಟ್ಟು. 2,763 ಪತ್ರಗಳಿಗೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ಆಗಿನ ಖಮ್ಮಂ ಜಿಲ್ಲೆಯ ಭದ್ರಾಚಲಂ ಸುತ್ತಿನ ಆದಿವಾಸಿ ಮಕ್ಕಳಲ್ಲಿ ಎಷ್ಟೋ ಮಂದಿ ಹಾಸ್ಟೆಲಿನಲ್ಲಿದ್ದು ಓದುವವರು. ಅಪ್ಪ ಅಮ್ಮ ಇರುವುದು ದೂರದ ಹಾಡಿಗಳಲ್ಲಿ. ಅವರನ್ನು ಹುಡುಕಿಕೊಂಡು ಹೋಗಿ ಕೇಳುವುದಕ್ಕಿಂತ ವಾರ್ಡನ್ ಮುಂದೆ ಪತ್ರ ಇಡುವುದು ಸಲೀಸು. ಮಗುವಿಗೆ ಊಟ ಹಾಕುವ, ಗದರುವ, ರಜೆ ಕೊಡುವ ಮನುಷ್ಯನೇ ಅದರ ಪರವಾಗಿ ಒಪ್ಪಿಬಿಟ್ಟರೆ, ಒಲ್ಲೆ ಎನ್ನುವ ದಾರಿ ಆ ಮಗುವಿಗೆ ಎಲ್ಲಿದೆ?

ಯೋಜನೆಯವರ ವಾದವೂ ಇತ್ತು. ಲಸಿಕೆಗೆ ಆಗಲೇ ಪರವಾನಗಿ ಸಿಕ್ಕಿದೆ, ಇದು ಔಷಧ ಪ್ರಯೋಗವಲ್ಲ, ಹಳ್ಳಿಗಳಿಗೆ ಲಸಿಕೆ ತಲುಪಿಸುವುದು ಹೇಗೆಂದು ನೋಡುತ್ತಿದ್ದೇವೆ ಅಷ್ಟೆ ಎಂದರು. ಸಂಸದೀಯ ಸಮಿತಿ ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸಮುದಾಯ ಆರೋಗ್ಯದ ಸಂಶೋಧನೆ ಹೊರನೋಟಕ್ಕೆ ಸೇವೆಯ ಹಾಗೆಯೇ ಇರುತ್ತದೆ. ಬರುವವಳು ಅದೇ ನರ್ಸಮ್ಮ, ನಡೆಯುವುದು ಅದೇ ಸರ್ಕಾರಿ ಶಾಲೆಯ ಜಗಲಿಯಲ್ಲಿ. ಇದು ಅಧ್ಯಯನ, ಬೇಡವೆನ್ನಬಹುದು ಎಂದು ಯಾರಾದರೂ ಬಾಯಿಬಿಟ್ಟು ಹೇಳದ ಹೊರತು ಜನರಿಗೆ ಗೊತ್ತಾಗುವುದಾದರೂ ಹೇಗೆ?

ಹೇಳಿದ್ದಾರೆಯೇ ಎಂದು ಮೊದಲೇ ಕೇಳಬೇಕಾದದ್ದು ಸಂಶೋಧನಾ ಸಂಸ್ಥೆಯ ಎಥಿಕ್ಸ್ ಕಮಿಟಿ, ಅಂದರೆ ಅಧ್ಯಯನದ ನೈತಿಕತೆಯನ್ನು ಪರಿಶೀಲಿಸುವ ಸಮಿತಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅದರಲ್ಲಿ 7ರಿಂದ 15 ಸದಸ್ಯರು. ಅರ್ಧದಷ್ಟಾದರೂ ಮಂದಿ, ಅಧ್ಯಕ್ಷರೂ ಸೇರಿ, ಸಂಸ್ಥೆಯ ಹೊರಗಿನವರು. ಡಾಕ್ಟರುಗಳ ಜೊತೆ ಕಾನೂನು ಬಲ್ಲವರೊಬ್ಬರು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯರೊಬ್ಬರು ಇರಲೇಬೇಕು. ಈ ಕೊನೆಯವರನ್ನು ಲೆಕ್ಕ ತುಂಬಿಸಲು ಕೂರಿಸಿಕೊಳ್ಳುವ ರೂಢಿ ಇದೆ, ಪಾಪ. ಆದರೆ "ಮಕ್ಕಳು ಹಾಸ್ಟೆಲಿನಲ್ಲಿದ್ದಾರಲ್ಲ, ಅಪ್ಪ ಅಮ್ಮನನ್ನು ಕೇಳುವವರು ಯಾರು?" ಎಂಬ ಪ್ರಶ್ನೆ ಬರುವುದಿದ್ದರೆ ಅವರಿಂದಲೇ ಬರಬೇಕು. ಅದೇ ಮಾರ್ಗಸೂಚಿಯಂತೆ, ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಏಳು ವರ್ಷ ದಾಟಿದ ಮಕ್ಕಳಾದರೆ ಹೆತ್ತವರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು.

ಇಂಥ ಕಟ್ಟುಪಾಡುಗಳಿಂದ ವಿಜ್ಞಾನದ ಓಟ ನಿಧಾನವಾಗುತ್ತದೆ ಎಂದು ಗೊಣಗುವವರಿದ್ದಾರೆ. ಖಮ್ಮಂ ತೋರಿಸಿದ್ದು ಅದರ ತದ್ವಿರುದ್ಧ. ಸಹಿಯ ಕೆಲಸದಲ್ಲಿ ಉಳಿಸಿದ ನಾಲ್ಕು ದಿನದಿಂದಾಗಿ, ತಪ್ಪೇ ಮಾಡದ ಲಸಿಕೆಯೊಂದು ವರ್ಷಗಟ್ಟಲೆ ಅನುಮಾನದ ನೆರಳಲ್ಲಿ ಉಳಿಯಿತು. ಇನ್ನೊಂದು ವಿಚಿತ್ರವೂ ನಡೆಯಿತು. ಆಗ ದೇಶದ ಹಲವೆಡೆ ಬೇರೊಂದು ತಂಡ, ಮೂರು ಡೋಸಿನ ಬದಲು ಎರಡು ಸಾಕೇ ಎಂದು ಪರೀಕ್ಷಿಸುತ್ತಿತ್ತು. ಅದಕ್ಕೂ ತಡೆ ಬಿದ್ದು, ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ನಿಂತರು. ಅವರನ್ನು ವರ್ಷಗಳ ಕಾಲ ಗಮನಿಸಿದಾಗ ಒಂದು ಡೋಸೂ ಚೆನ್ನಾಗಿಯೇ ರಕ್ಷಿಸುತ್ತದೆ ಎಂದು ತಿಳಿಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸಿನ ಕ್ರಮವನ್ನು ಒಪ್ಪಿದಾಗ ಈ ಪುರಾವೆಯೂ ಅದರ ಮುಂದಿತ್ತು. ಅದೃಷ್ಟದಿಂದ ಸಿಕ್ಕ ಆ ಫಲ ವಾರ್ಡನ್‌ಗಳ ಸಹಿಯನ್ನು ಸರಿ ಮಾಡುವುದಿಲ್ಲ.

ನಾಳೆ ನಿಮ್ಮೂರಿಗೂ ರಕ್ತ ತೆಗೆಯಲು, ಪ್ರಶ್ನೆ ಕೇಳಲು ಯಾರಾದರೂ ಬರಬಹುದು. ಒಪ್ಪಿಗೆ ಪತ್ರದ ಪ್ರತಿಯನ್ನು ಕೇಳಿ ಇಸಿದುಕೊಳ್ಳಿ. ಅದು ಕನ್ನಡದಲ್ಲಿರಬೇಕು, ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ವಿವರ ಅದರಲ್ಲಿರಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಹಾಗೆ ಸರಿದರೆಂದು ನಿಮಗೆ ಸಿಗುವ ಚಿಕಿತ್ಸೆಯನ್ನು ಯಾರೂ ತಪ್ಪಿಸುವಂತಿಲ್ಲ.